ಗಂಗವ್ವ ಕಾಕುವಿನ ಎರಡನೆಯ ಬೆರಳು

ಮೊನ್ನೆ ಸ್ವಾತಂತ್ರ್ಯ ದಿನದ ತಯಾರಿಗೆಂದು ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನ ನಮ್ಮ ಶಾಲೆಯಲ್ಲಿ ಬಿಸಿಯೂಟದ ನೀಲವ್ವ ಹಿತ್ತಾಳೆ ಗಂಟೆಗೆ ಪಾಲಿಷ್ ಹಚ್ಚಿ ತಿಕ್ಕುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಾಜರಿ ಪುಸ್ತಕವನ್ನು ಅರ್ಧಕ್ಕೆ ಬಿಟ್ಟು ಹೊರಗೆ ಬಂದು ನಿಂತೆ. ಸೀಮೆಎಣ್ಣೆಯಂಥ, ಸ್ವಲ್ಪ ಗಂಟಲು ಕೆರೆಯುವ ವಾಸನೆ. ಬೇರೆಯವರಿಗೆ ತಲೆನೋವು ತರಿಸೀತು. ನನಗೆ ಮಾತ್ರ ಎದೆ ಢವಢವ ಹೊಡೆದುಕೊಳ್ಳತೊಡಗಿತು, ಥೇಟ್ ಅಮ್ಮಿನಬಾವಿಯಲ್ಲಿ ಕಳೆದ ಆ ಲೋಕಸಭಾ ಚುನಾವಣೆಯ ಬೇಸಿಗೆಯಲ್ಲಿ ಹೊಡೆದುಕೊಂಡ ಹಾಗೆ.

ಆಗ ನಾನು ಅಮ್ಮಿನಬಾವಿಯ ಶಾಲೆಯಲ್ಲಿದ್ದೆ. ನೌಕರಿಗೆ ಸೇರಿ ಮೂರನೆಯ ವರ್ಷ. ಪಾಠದ ಜೊತೆಗೆ ಮತಗಟ್ಟೆ ಮಟ್ಟದ ಅಧಿಕಾರಿ ಎಂಬ ಪದವಿಯನ್ನೂ ನನ್ನ ಹೆಗಲಿಗೆ ಏರಿಸಿದ್ದರು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುತ್ತಾರಲ್ಲ, ಹಾಗೆ. ಅಧಿಕಾರಿ ಎಂದರೆ ಕುರ್ಚಿಯಿಲ್ಲ, ಫ್ಯಾನಿಲ್ಲ. ಮನೆಮನೆ ತಿರುಗಿ ಸತ್ತವರ ಹೆಸರು ತೆಗೆಸಬೇಕು, ಹದಿನೆಂಟು ತುಂಬಿದವರ ಮತ್ತು ಹೊಸದಾಗಿ ಬಂದ ಸೊಸೆಯಂದಿರ ಹೆಸರು ಸೇರಿಸಬೇಕು. ಆದರೂ ನನಗೆ ಆ ಕೆಲಸದ ಮೇಲೆ ಬಹಳ ಜಂಬವಿತ್ತು. ನನ್ನ ಮತಗಟ್ಟೆಯ ಪಟ್ಟಿಯಲ್ಲಿ ಒಂದು ತಪ್ಪು ತೋರಿಸಿ ನೋಡೋಣ ಎಂದು ಶಿಕ್ಷಕರ ಕೋಣೆಯಲ್ಲಿ ಸವಾಲು ಹಾಕುತ್ತಿದ್ದೆ. ಜಂಬ ಬಹಳ ದಿನ ಬಾಳುವುದಿಲ್ಲ ಎಂದು ಆಗ ಯಾರೂ ಹೇಳಲಿಲ್ಲ, ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

ಹವಾಲ್ದಾರ ಬಸಪ್ಪ ಕಾಕಾ ಹಿಂದಿನ ಮಳೆಗಾಲದಲ್ಲಿ ಊರಿಗೆ ಮರಳಿದ್ದರು. ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದು, ಹೆಸರು ಮತ್ತು ನಂಬರನ್ನು ಬಿಳಿ ಬಣ್ಣದಲ್ಲಿ ಬರೆದ ಕರಿ ಟ್ರಂಕೊಂದನ್ನು ಹೊತ್ತು ಬಂದಿದ್ದರು. ಬಂದ ತಿಂಗಳಲ್ಲೇ ಹುಬ್ಬಳ್ಳಿಯ ಕೇಶ್ವಾಪುರದ ಬ್ಯಾಂಕೊಂದರಲ್ಲಿ ಕಾವಲಿನ ಕೆಲಸ ಸಿಕ್ಕಿತು. ಅದೇ ಬ್ಯಾಂಕಿನಲ್ಲಿ ಅವರ ನಂತರದ ಪಾಳಿಗೆ ಬರುವವರು ಅಮ್ಮಿನಬಾವಿಯವರೇ ಆದ ನಿವೃತ್ತ ನಾಯಕ್ ರಾಜೇಸಾಬ. ರವಿವಾರ ಮುಂಜಾನೆ ಇವರಿಬ್ಬರೂ ಊರಿನ ಇನ್ನೈದು ಮಂದಿ ಮಾಜಿ ಸೈನಿಕರೂ ಹನಮಪ್ಪನ ಗುಡಿಯ ಕಟ್ಟೆಯ ಮೇಲೆ ಸೇರಿ ಚಹಾ ಕುಡಿಯುತ್ತ ಜಗತ್ತನ್ನೆಲ್ಲ ರಿಪೇರಿ ಮಾಡುತ್ತಿದ್ದರು.

ಒಂದು ರವಿವಾರ ನಾನು ಪಟ್ಟಿಯ ಕಟ್ಟು ಹಿಡಿದು ಅಲ್ಲಿಗೆ ಹೋದಾಗ ಕಾಕಾ ಎದ್ದು ನಿಂತೇ ಕೇಳಿದರು.

"ಅಕ್ಕಾರ, ನನ್ನ ಹೆಸರು ಐತಲ್ರಿ? ಈ ಸಲ ನಾನ ಖುದ್ದ ವೋಟ್ ಹಾಕಬೇಕ್ರಿ. ಹುಟ್ಟಿದಾಗಿಂದ ಹಾಕಿಲ್ಲ."

"ಅದ್ಹ್ಯಾಂಗ್ರಿ ಕಾಕಾ?"

"ಹ್ಯಾಂಗಂದ್ರ ಹಾಂಗ್ರಿ. ವೋಟಿನ ವಯಸ್ಸು ತುಂಬೋದ್ರಾಗ ಫೌಜಿಗೆ ಹೋದೆ. ಅಲ್ಲಿ ಮೊದಮೊದಲ ಟಪಾಲಿನ್ಯಾಗ ವೋಟಿನ ಕಾಗದ ಬರೂದು. ಹಿಮ ಬಿದ್ದು ದಾರಿ ಕಟ್ಟಾದ್ರ ಎಣಿಕಿ ಮುಗದು ಸರಕಾರ ಕುಂತ ಮ್ಯಾಲ ಬರೂದು. ಗಡಿ ರಾಜ್ಯದಾಗ ಮಷೀನು ಒಯ್ಯೋ ದಾರಿ ಕಾದೇನ್ರಿ, ಒಂದೆರಡ ಸಲ ಅಲ್ಲ. ಮಷೀನು ಮಾತ್ರ ಮುಟ್ಟಿಲ್ಲ. ಆ ರಟ್ಟಿನ ಮರ್‍ಯಾಗ ನಿಂತ್ರ ಮನಶ್ಯಾಗ ಏನಾಗತೈತಿ ಅಂತ ನೋಡಬೇಕಂತ ಆಸೆ ಐತ್ರಿ."

ಅಲ್ಲೇ ನಿಂತು ಕಟ್ಟು ಬಿಚ್ಚಿದೆ. ಕೊನೆಯ ಹಾಳೆಯಲ್ಲಿ ಅವರ ಹೆಸರು, ತಂದೆಯ ಹೆಸರು ಎಲ್ಲ ಸರಿಯಾಗಿತ್ತು. "ಅದರಿ ಕಾಕಾ, ನಿಶ್ಚಿಂತಿರ್ರಿ. ನನ್ನ ಪಟ್ಟಿಯೊಳಗ ತಪ್ಪಿರೂದಿಲ್ಲ" ಎಂದೆ. ಬೇರೆ ಯಾರಾದರೂ ಆಗಿದ್ದರೆ ಎಲ್ಲಿ ತೋರಿಸಿ ಎನ್ನುತ್ತಿದ್ದರು. ಫೌಜಿ ಮನುಷ್ಯ, ಹೆಸರು ಇದೆ ಎಂದು ಮೇಲಿನವರು ಹೇಳಿದರೆ ಮುಗಿಯಿತು. ಊರೆಲ್ಲ ಹೇಳಿಕೊಂಡು ಬಂದರು.

ಚುನಾವಣೆಯ ಕಾವು ಏರಿದಂತೆ ಕಟ್ಟೆಗೆ ಪ್ರಚಾರದವರು ಬರತೊಡಗಿದರು. ಹೆಗಲಿಗೆ ಶಾಲು ಹಾಕಿದ ಒಬ್ಬಾತ ಕೈ ಮುಗಿದು, "ಫೌಜಿ ಮಂದಿ ಎಲ್ಲಾರೂ ಯಾವ ಕಡೆ ಅಂತ ಕೇಳೂದ ಬ್ಯಾಡ್ರಿ, ನಮಗ ಗೊತ್ತೈತಿ. ಏಳಕ್ಕ ಏಳೂ ನಮಗ" ಎಂದು ಹಲ್ಲು ಕಿರಿದ. ಒಂದು ವಾರ ಬಿಟ್ಟು ಎದುರು ಪಕ್ಷದವನೂ ಬಂದು, ಪಿಂಚಣಿಯ ಮಾತೆತ್ತಿ, ಅದನ್ನೇ ಹೇಳಿದ. ನಾನು ಅಲ್ಲಿ ಇದ್ದದ್ದು ಈ ಎರಡನೆಯ ಸಲ. ರಾಜೇಸಾಬ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ, "ಇಲ್ಲೆ ಏಳ ಮಂದಿ ಅದೇವಿ, ಹತ್ತ ಜಗಳ ಅದಾವ" ಎಂದು ನಕ್ಕರು. ಖರೆಯೇ ಆಗಿತ್ತು. ಒಬ್ಬರಿಗೆ ಪಿಂಚಣಿಯ ಚಿಂತೆ, ಒಬ್ಬರಿಗೆ ಊರ ರಸ್ತೆಯದು, ಇನ್ನೊಬ್ಬರಿಗೆ ಯಾರೂ ಬೇಡ ಎಂಬ ಬಟನ್ನೇ ಪ್ರೀತಿ. ಬಸಪ್ಪ ಕಾಕಾ ಮಾತ್ರ ಆ ಮನುಷ್ಯನನ್ನು ಶಾಂತವಾಗಿ ನೋಡಿ ಹೇಳಿದರು.

"ತಮ್ಮಾ, ಪರೇಡ್‌ನ್ಯಾಗ ನಮ್ಮ ಕಾಲು ಒಂದ ಸಲಕ್ಕ ಏಳತಾವು. ಅದನ್ನ ನೋಡಿ ತಲೀನೂ ಒಂದ ಅಂತ ತಿಳ್ಕೋಬ್ಯಾಡ."

ಆತ ಚಹಾ ಕೂಡ ಕುಡಿಯದೆ ಎದ್ದು ಹೋದ. ನಾನು ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಆ ಮಾತನ್ನು ನೆನೆದು ಒಬ್ಬಳೇ ನಗುತ್ತಿದ್ದೆ.

ನನ್ನ ಜಂಬ ಇಳಿದದ್ದು ಹಪ್ಪಳದ ಮಾಳಿಗೆಯ ಮೇಲೆ. ಮುಂಜಾನೆ ಶಾಲೆ ಶುರುವಾಗಿದ್ದ ದಿನಗಳು ಅವು. ಶಾಲೆ ಬಿಟ್ಟು ಮನೆಮನೆ ತಿರುಗುತ್ತ ಕಾಕಾ ಮನೆಗೆ ಹೋದರೆ ಅವರ ಹೆಂಡತಿ ಗಂಗವ್ವ ಕಾಕು ಮಾಳಿಗೆಯ ಮೇಲೆ ಹಪ್ಪಳ ಹರವುತ್ತಿದ್ದರು. ನನ್ನನ್ನು ಕಂಡು, ಹಿಟ್ಟು ಮೆತ್ತಿದ ಎಡಗೈ ಎತ್ತಿ ಎರಡು ಬೆರಳು ತೋರಿಸಿದರು.

"ಅಕ್ಕಾರ, ಈ ಸಲಾನೂ ನಂದು ಎರಡು ಬಟ್ಟ ಏನ್ರಿ?"

"ಅಂದ್ರ?"

"ಮಸಿ ಹಚ್ಚೂದ್ರಿ. ನನ್ನ ವೋಟಿಗೆ ತೋರಬಟ್ಟಿಗೆ, ಇವರ ವೋಟಿಗೆ ನಡುಬಟ್ಟಿಗೆ. ಇವರು ನನ್ನ ಹೆಸರ ಬರದ ಕೊಟ್ಟಿದ್ರಲ್ರಿ, ನನ್ನ ಬದ್ಲಿ ನನ್ನ ಹೇಂತಿ ಹಾಕತಾಳ ಅಂತ. ಇಪ್ಪತ್ತ ವರ್ಷ ನಾನ ಹಾಕೇನಿ."

ಸೈನ್ಯದಲ್ಲಿರುವವರು ಊರಿನಲ್ಲಿ ಒಬ್ಬರನ್ನು ನೇಮಿಸಿ ಅವರ ಕೈಯಿಂದ ತಮ್ಮ ಮತ ಹಾಕಿಸಬಹುದು. ಹಾಗೆ ಬದಲಿಗೆ ಹಾಕುವವರಿಗೆ ಶಾಯಿಯ ಗುರುತು ನಡುಬೆರಳಿಗೆ. ತರಬೇತಿಯಲ್ಲಿ ಇದನ್ನು ಹೇಳಿದ್ದರು, ನಾನು ಬರೆದುಕೊಂಡೂ ಇದ್ದೆ. ಅಲ್ಲೇ ಮಾಳಿಗೆಯ ಮೇಲೆ ಕೂತು ಕಟ್ಟು ಬಿಚ್ಚಿದೆ. ನಾನು ಕಟ್ಟೆಯ ಮೇಲೆ ನೋಡಿದ ಕೊನೆಯ ಹಾಳೆ ಹಿಂದಿನ ಚುನಾವಣೆಯದು, ಸೈನಿಕರ ಹೆಸರಿನದು. ಕಾಕಾ ನಿವೃತ್ತರಾದ ಮೇಲೆ ಆ ಹಾಳೆಯಲ್ಲಿ ಅವರಿಗೆ ಜಾಗವಿಲ್ಲ. ಊರಿನ ಸಾಮಾನ್ಯ ಪಟ್ಟಿಯಲ್ಲಿ ಅವರ ಹೆಸರು ಎಂದೂ ಇರಲೇ ಇಲ್ಲ, ಹೊಸದಾಗಿ ಸೇರಿಸಬೇಕಿತ್ತು. ಅಂದರೆ ಈ ಸಲ ಕಾಕಾ ಹಾಕುವಂತಿಲ್ಲ, ಕಾಕು ಹಾಕುವಂತೆಯೂ ಇಲ್ಲ. ಹೊಸ ಹೆಸರು ತೆಗೆದುಕೊಳ್ಳಲು ಉಳಿದಿದ್ದದ್ದು ಆ ದಿನ ಮತ್ತು ಮರುದಿನ ಮಾತ್ರ.

"ಕಾಕು, ನನ್ನ ಕೈಯಿಂದ ದೊಡ್ಡ ತಪ್ಪಾತು" ಎಂದು ಎಲ್ಲ ಹೇಳಿದೆ. ಅಳು ಬಂದಿತ್ತು. ಕಾಕು ಹಪ್ಪಳದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, "ಅತ್ರ ಹೆಸರು ಬರತೈತೇನ್ರಿ? ಏಳ್ರಿ, ಹುಬ್ಬಳ್ಳಿಗೆ ಹೋಗೋಣು" ಎಂದರು. ಉಳಿದ ಹಿಟ್ಟಿಗೆ ಬುಟ್ಟಿ ಡಬ್ಬು ಹಾಕಿ, ಪಕ್ಕದ ಮನೆಯವರಿಗೆ ಕಾಗೆ ಕಾಯಲು ಹೇಳಿ ಹೊರಟೇಬಿಟ್ಟರು.

ಅಮ್ಮಿನಬಾವಿಯಿಂದ ಧಾರವಾಡಕ್ಕೆ ಒಂದು ಬಸ್ಸು, ಅಲ್ಲಿಂದ ಹುಬ್ಬಳ್ಳಿಗೆ ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸು, ಆಮೇಲೆ ಆಟೋ. ಬಿಸಿಲು ಎಷ್ಟಿತ್ತೆಂದರೆ ಬಸ್ಸಿನ ಕಂಬಿ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ದಾರಿಯುದ್ದಕ್ಕೂ ನಾನು ಮೊಬೈಲಿನಲ್ಲಿ ಅರ್ಜಿ ತುಂಬಲು ನೋಡಿದೆ, ಅದು ಗಿರ್ರನೆ ತಿರುಗುತ್ತಲೇ ಇತ್ತು. ಕಾಗದದ ನಮೂನೆ ಹೇಗೂ ಚೀಲದಲ್ಲಿತ್ತು. ಕಾಕು ಪಕ್ಕದಲ್ಲಿ ಕೂತು ಎಲ್ಲ ದೇವರಿಗೂ ಒಂದೊಂದು ಕಾಯಿ ಹರಕೆ ಹೊರುತ್ತಿದ್ದರು.

ಕೇಶ್ವಾಪುರದ ಬ್ಯಾಂಕಿನ ಬಾಗಿಲಲ್ಲಿ ಕಾಕಾ ಬಂದೂಕು ಹಿಡಿದು ನೆಟ್ಟಗೆ ನಿಂತಿದ್ದರು. ನಾನು ಒಂದೇ ಉಸಿರಿನಲ್ಲಿ ನನ್ನ ತಪ್ಪು ಒಪ್ಪಿಕೊಂಡೆ. ಅರ್ಜಿ ಬೇಕು, ಸಹಿ ಬೇಕು, ಸೈನ್ಯದಿಂದ ಬಿಡುಗಡೆಯಾದ ಪುಸ್ತಕ ಬೇಕು, ನಾಳೆ ಸಂಜೆಯೊಳಗೆ ಕಚೇರಿಗೆ ಮುಟ್ಟಿಸಬೇಕು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಪುಸ್ತಕ ಟ್ರಂಕಿನ್ಯಾಗ ಐತ್ರಿ. ಕೀಲಿ ನನ್ನ ಕೊಳ್ಳಾಗ ಐತಿ, ಆ ಟ್ರಂಕು ನಾನ ತೆರೀಬೇಕು, ಬ್ಯಾರೇ ಯಾರೂ ಮುಟ್ಟಾಂಗಿಲ್ಲ. ಸಂಜೀಕ ಐದಕ್ಕ ರಿಲೀಫ್ ಬರತೈತಿ. ಬಂದ ಮ್ಯಾಲ ಹೋಗೋಣು."

"ಐದಕ್ಕ ಬಿಟ್ರ ಮನಿ ಮುಟ್ಟೂದ ಯಾವಾಗ, ಅರ್ಜಿ ತುಂಬೂದ ಯಾವಾಗ್ರಿ? ನಾಳೆ ಕಡೀ ದಿನ, ಕಚೇರಿ ಮುಂದ ಊರುದ್ದ ಸಾಲಿರತದ, ಮುಂಜಾನೆದ್ದ ಹೋಗಿ ನಿಂದರಬೇಕು. ಮ್ಯಾನೇಜರ್ ಸಾಹೇಬ್ರಿಗೆ ಹೇಳಿ ಈಗ ಬರ್ರಿ ಕಾಕಾ. ನಿಮ್ಮ ವೋಟು ಹೋಗತದ!"

"ಹೋದ್ರ ಹೋಗ್ಲಿರಿ. ಬದ್ಲಿ ಮನಶ್ಯಾ ಬಂದು ಎದುರ ನಿಲ್ಲೂತನಕ ಪೋಸ್ಟ್ ಬಿಡಾಂಗಿಲ್ಲ."

ಕಾಕುವಿಗೆ ಸಿಟ್ಟು ನೆತ್ತಿಗೇರಿತು. "ಇಪ್ಪತ್ನಾಲ್ಕ ವರ್ಷ ನಿಂತದ್ದು ಸಾಲದೇನ್ರಿ ನಿಮಗ? ಆ ಬಾಗಲಾ ಏನ್ ಓಡಿ ಹೊಕ್ಕೈತೇನು?" ಎಂದು ಅಷ್ಟು ಜನರ ಮುಂದೆ ಕೂಗಿದರು. ಕಾಕಾ ಒಬ್ಬ ಗಿರಾಕಿಗೆ ಬಾಗಿಲು ತೆರೆದು ಕೊಟ್ಟು ಮತ್ತೆ ತಮ್ಮ ಜಾಗದಲ್ಲಿ ನಿಂತರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಗೌರವವೂ ಬಂತು. ಯಾವುದು ಹೆಚ್ಚು ಎಂದು ಈಗಲೂ ಹೇಳಲಾರೆ.

ರಾಜೇಸಾಬರಿಗೆ ಫೋನ್ ಮಾಡಬೇಕೆಂದು ಹೊಳೆದದ್ದು ಕಾಕುವಿಗೆ. ನಾನು ಮಾಡಿದೆ. ಅವರು ಮನೆಯಲ್ಲಿ ಊಟ ಮುಗಿಸಿ ಆಗಷ್ಟೇ ಅಡ್ಡಾಗಿದ್ದರಂತೆ. ವಿಷಯ ಕೇಳಿ, "ಗೇಟಿನ್ಯಾಗ ಇರ್ರಿ, ಬಂದೆ" ಎಂದಷ್ಟೇ ಹೇಳಿ ಇಟ್ಟರು. ನಾವು ಎದುರಿನ ಅಂಗಡಿಯ ಮರೆಯಲ್ಲಿ ನಿಂತು ಬರುವ ಒಂದೊಂದು ಬೈಕನ್ನೂ ನೋಡಿದೆವು. ಐದಕ್ಕೆ ಬರಬೇಕಾದವರು ಮೂರೂವರೆಗೇ, ಸಮವಸ್ತ್ರದ ಮೇಲಿನ ಗುಂಡಿ ತಪ್ಪಾಗಿ ಹಾಕಿಕೊಂಡು, ಬೆವರಿಳಿಯುತ್ತ ಬಂದಿಳಿದರು. ಕಾಕಾನ ಎದುರು ಹೋಗಿ ಕಾಲು ಜೋಡಿಸಿ ನಿಂತು, "ರಿಲೀಫ್ ಹಾಜರ್!" ಎಂದರು. ಕಾಕಾ ಒಳಗೆ ಹೋಗಿ ಮ್ಯಾನೇಜರಿಗೆ ತಿಳಿಸಿ, ಬಂದೂಕು ಒಪ್ಪಿಸಿ, ಪುಸ್ತಕದಲ್ಲಿ ಸಹಿ ಮಾಡಿ ಹೊರಗೆ ಬಂದರು. ಮೆಟ್ಟಿಲು ಇಳಿಯುವವರೆಗೆ ಗಂಭೀರವಾಗಿ ನಡೆದ ಆ ಮನುಷ್ಯ ರಸ್ತೆ ಮುಟ್ಟಿದ್ದೇ ಓಡತೊಡಗಿದರು. ನಾವಿಬ್ಬರೂ ಹಿಂದೆ ಹಿಂದೆ.

ಸಂಜೆ ಅಮ್ಮಿನಬಾವಿಯ ಮನೆಯಲ್ಲಿ ಟ್ರಂಕು ತೆರೆದರು. ಅದೇ ವಾಸನೆ, ಹಿತ್ತಾಳೆ ಪಾಲಿಷಿನದು, ಭಪ್ಪೆಂದು ಮೇಲೆ ಬಂತು. ಮೇಲೆ ಮಡಿಸಿದ ಸಮವಸ್ತ್ರ, ಅದರ ಕೆಳಗೆ ಬಿಡುಗಡೆಯ ಪುಸ್ತಕ, ಅದರ ಕೆಳಗೆ ಬೂಟಿನ ದಾರದಿಂದ ಕಟ್ಟಿದ ಕಾಗದಗಳ ಗಂಟು. ಗಂಟು ಕಂಡದ್ದೇ ಕಾಕುವಿನ ಮುಖ ಬಿಳಿಚಿಕೊಂಡಿತು. ಚಹಾ ಮಾಡುವ ನೆಪದಲ್ಲಿ ನನ್ನನ್ನು ಅಡುಗೆಮನೆಗೆ ಕರೆದೊಯ್ದರು.

"ಅವೆಲ್ಲಾ ನಾ ಬರದ ಕಾಗದರಿ. ಇನ್ನೂ ಇಟ್ಟಾರ ನೋಡ್ರಿ. ಅಕ್ಕಾರ, ಯಾರ ಮುಂದೂ ಹೇಳಬ್ಯಾಡ್ರಿ. ಇವರು ಪ್ರತಿ ಸಲ ಇಂಥವರಿಗೆ ಹಾಕು ಅಂತ ಹೇಳತಿದ್ರು. ಮೊದಲ ಕಾಗದದಾಗ, ಆಮ್ಯಾಲ ಫೋನಿನ್ಯಾಗ. ನಾ ಒಂದ ಸಲಾನೂ ಅವರಿಗೆ ಹಾಕಿಲ್ಲ. ನೀವು ಹೇಳಿದವರಿಗೇ ಹಾಕೇನಿ ಅಂತ ಸುಳ್ಳ ಬರದೇನಿ."

"ಅಯ್ಯ ಕಾಕು! ಯಾಕ?"

"ಇವರು ಹಿಮದಾಗ ಕುಂತು ರೇಡಿಯೋ ಕೇಳಿ ಹೇಳತಿದ್ರು. ಇಲ್ಲೆ ಕೊಡಾ ಹೊತಗೊಂಡ ನೀರಿಗೆ ನಿಂತಾಕಿ ನಾನು. ಯಾರು ಬೋರು ಹಾಕ್ಸಿದ್ರು, ಯಾರು ಮಾರಿ ತೋರ್ಸಲಿಲ್ಲ ಅನ್ನೂದು ನನಗ ಗೊತ್ತಿತ್ರಿ."

ನನಗೆ ನಗು ತಡೆಯಲಾಗಲಿಲ್ಲ. ಫೌಜಿಯವರ ಮತ ಯಾವ ಕಡೆ ಎಂದು ಕಟ್ಟೆಯ ಮೇಲೆ ಲೆಕ್ಕ ಹಾಕಿದ ಆ ಎರಡೂ ಪಕ್ಷದವರು ಈ ಅಡುಗೆಮನೆಗೆ ಬರಬೇಕಿತ್ತು. ಆದರೆ ಕಾಕು ನಗಲಿಲ್ಲ. ಗಂಡ ತನ್ನ ಕೈಲಿ ಇಪ್ಪತ್ತು ವರ್ಷ ಕೊಟ್ಟ ನಂಬಿಕೆಯದು, ಅದಕ್ಕೆ ಮೋಸ ಮಾಡಿದೆ ಎಂಬ ಭಾರ ಅವರ ಮುಖದಲ್ಲಿತ್ತು. "ಅದಕ್ಕ ಈ ಸಲ ಇವರ ಕೈಲೇ ಆಗಬೇಕ್ರಿ. ಇವರ ವೋಟು ಇವರಿಗೆ ಮುಟ್ಟಬೇಕು" ಎಂದು ಕಣ್ಣೊರೆಸಿಕೊಂಡರು.

ಮರುದಿನ ಧಾರವಾಡದ ಕಚೇರಿಯಲ್ಲಿ ನಾನೇ ಸಾಲಿನಲ್ಲಿ ನಿಂತು ಅರ್ಜಿ ಕೊಟ್ಟೆ. ಸ್ವೀಕೃತಿ ಚೀಟಿ ಕೈಗೆ ಬಂದಾಗ ಮಧ್ಯಾಹ್ನ. ಆಮೇಲಿನ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ. ಮಾವಿನ ಸುಗ್ಗಿ, ಪೇಟೆಯ ತುಂಬ ಆಪೂಸಿನ ವಾಸನೆ. ನಾನು ಮಾತ್ರ ದಿನಕ್ಕೆ ನಾಲ್ಕು ಸಲ ಮೊಬೈಲು ಒತ್ತಿ ಅವರ ಹೆಸರು ಬಂತೇ ಎಂದು ನೋಡುತ್ತಿದ್ದೆ. ಒಂದು ಸಂಜೆ ಗುಡುಗಿ ಅಡ್ಡಮಳೆ ಹೊಡೆದು ಕರೆಂಟು ಹೋಗಿದ್ದಾಗ ಕೊನೆಗೂ ಹೆಸರು ಕಂಡಿತು. ಕತ್ತಲೆಯ ಮನೆಯಲ್ಲಿ ಹೋ ಎಂದು ಕುಣಿದೆ. ನಮ್ಮವ್ವ, "ಹುಚ್ಚು ಹಿಡೀತೇನ ಇದಕ್ಕ" ಎಂದು ಹಣತೆ ಹಿಡಿದು ಬಂದಳು. ಪುರವಣಿ ಪಟ್ಟಿಯ ಕಾಗದ ಬಂದ ದಿನ ಕಾಕಾಗೆ ಒಯ್ದು ತೋರಿಸಿದೆ. ಈ ಸಲ ಅವರು ನನ್ನ ಮಾತು ನಂಬಲಿಲ್ಲ, ಕನ್ನಡಕ ಹಾಕಿಕೊಂಡು ಹೆಸರನ್ನು ಸ್ವತಃ ಓದಿದರು. ಒಳ್ಳೆಯದಾಯಿತು ಎಂದುಕೊಂಡೆ.

ಮತದಾನದ ಹಿಂದಿನ ದಿನ ನಾವು ಶಾಲೆಯಲ್ಲಿ ಬೆಂಚು ಸರಿಸುತ್ತಿದ್ದಾಗ ಕಾಕಾ ಪಾಲಿಷಿನ ಡಬ್ಬಿ ಹಿಡಿದು ಬಂದರು. ಯಾರನ್ನೂ ಕೇಳದೆ ಶಾಲೆಯ ಹಸಿರುಗಟ್ಟಿದ ಗಂಟೆಯನ್ನು ಇಳಿಸಿ ತಿಕ್ಕಲು ಕೂತರು. "ನಾಳೆ ಎಷ್ಟ ಮಂದಿ ಬರತಾರ. ಠಾಕಠೀಕ ಇರಬೇಕ್ರಿ" ಎಂದರು. ಗಂಟೆ ಬಂಗಾರದ ಹಾಗೆ ಹೊಳೆಯಿತು. ಮತಗಟ್ಟೆಗೂ ಗಂಟೆಗೂ ಸಂಬಂಧವಿಲ್ಲ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಮರುದಿನ ಮುಂಜಾನೆ ಏಳಕ್ಕೆ ಮತದಾನ. ನಾನು ಆರಕ್ಕೆ ಹೋದರೆ ಗೇಟಿನ ಮುಂದೆ ಆಗಲೇ ಒಬ್ಬರ ಸಾಲು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಳೆಯುವ ಬೂಟು, ಆಗಷ್ಟೇ ಕ್ಷೌರ ಮಾಡಿದ ಗದ್ದ. ಹೆಂಗಸರ ಸಾಲಿನಲ್ಲಿ ಗಂಗವ್ವ ಕಾಕು ಮೊದಲಿಗರು. ಇಬ್ಬರೂ ಗುರುತಿಲ್ಲದವರಂತೆ ಮುಂದೆ ನೋಡುತ್ತ ನಿಂತಿದ್ದರು. ಬಾಗಿಲು ತೆರೆಯಿತು. ಒಳಗೆ ಅಧಿಕಾರಿ ಪಟ್ಟಿ ನೋಡಿ ಹೆಸರನ್ನು ಗಟ್ಟಿಯಾಗಿ ಓದಿದ್ದು ನನಗೆ ಹೊರಗೆ ಕೇಳಿಸಿತು. ಕೂಡಲೇ ಬೂಟು ಬಡಿದ ಸಪ್ಪಳ.

"ಹಾಜರ್ ಸಾಬ್!"

ಸಾಲಿನಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಆಮೇಲೆ ಬಹಳ ಹೊತ್ತು ಮಷೀನಿನ ಸದ್ದೇ ಇಲ್ಲ. ಆ ರಟ್ಟಿನ ಮರೆಯಲ್ಲಿ ನಿಂತು ಅವರು ಏನು ನೋಡುತ್ತಿದ್ದರೋ, ದೇವರೇ ಬಲ್ಲ. ಕೊನೆಗೆ ಮಷೀನು ಬೀಪ್ ಎಂದು ಉದ್ದಕ್ಕೆ ಕೂಗಿತು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯೇನೂ ಇಲ್ಲ, ಬಂತು.

ಕಾಕಾ ಹೊರಗೆ ಬಂದಾಗ ಎಡಗೈಯ ತೋರುಬೆರಳು ಮೇಲೆ ಎತ್ತಿದ್ದದ್ದು ಇಳಿದೇ ಇರಲಿಲ್ಲ. ಏನಾಯಿತ್ರಿ ಎಂದು ಕೇಳಿದೆ. "ಏನ ಹೇಳೂದ್ರಿ ಅಕ್ಕಾರ, ಒಳಗ ಹುಕುಮ್ ಕೊಡವ್ರು ಯಾರೂ ಇಲ್ಲ. ಇಪ್ಪತ್ನಾಲ್ಕ ವರ್ಷದಾಗ ಹಿಂಗ ಆಗಿದ್ದಿಲ್ಲ" ಎಂದರು. ಅಷ್ಟರಲ್ಲಿ ಕಾಕುವೂ ಬಂದರು. ತಮ್ಮ ಎಡಗೈಯನ್ನು ತಿರುವಿ ಮುರುವಿ ನೋಡಿಕೊಂಡರು. ತೋರುಬೆರಳಿಗೆ ಶಾಯಿ ಇತ್ತು, ನಡುಬೆರಳು ಬರಿದಾಗಿತ್ತು. ಆ ಬರಿ ಬೆರಳನ್ನು ನೋಡಿಯೇ ಅವರಿಗೆ ಧೈರ್ಯ ಬಂತೋ ಏನೋ, ನನ್ನೆದುರೇ ಬಾಯಿಬಿಟ್ಟರು.

"ರೀ, ಒಂದ ಮಾತು ಹೇಳೂದಿತ್ತು. ಇಷ್ಟ ವರ್ಷ ನಿಮ್ಮ ವೋಟು ನೀವು ಹೇಳಿದವರಿಗೆ..."

"ಹಾಕಿಲ್ಲ. ಗೊತ್ತೈತಿ."

"ಹ್ಯಾಂಗ ಗೊತ್ತಾತು?"

"ಪ್ರತಿ ಕಾಗದದಾಗ 'ನಿಮ್ಮಾಣಿ ಮಾಡಿ ಹೇಳತೇನಿ' ಅಂತ ಬರೀತಿದ್ದಿ. ಖರೇ ಮಾತಿಗೆ ನೀ ಎಂದರ ಆಣಿ ಮಾಡಾಕೇನು?"

"ಅಯ್ಯ ಶಿವನ! ಮತ್ತ ನನ್ನ ಹೆಸರ ಯಾಕ ತಗಸಲಿಲ್ಲ? ನಿಮ್ಮ ಅಣ್ಣಾರ ಹೆಸರ ಕೊಡಬಹುದಿತ್ತಲ್ಲ?"

"ಯಾಕ ಕೊಡಬೇಕು? ಇಲ್ಲೆ ಇದ್ದು ಎಲ್ಲಾ ನೋಡಾಕಿ ನೀನು. ನಾ ದೂರ ಇದ್ದೆ. ನನ್ನ ವೋಟು ಹಾಳಾಗಲಿಲ್ಲ, ಮನ್ಯಾಗ ಇತ್ತು" ಎಂದರು ಕಾಕಾ. ಕಾಕು ಸೆರಗು ಬಾಯಿಗೆ ಒತ್ತಿಕೊಂಡರು.

ಆಮೇಲೆ ಸೆರಗು ಇಳಿಸಿ, ದನಿ ತಗ್ಗಿಸಿ ಕೇಳಿದರು. "ಅದೆಲ್ಲಾ ಇರ್ಲಿ. ಇವತ್ತ ಯಾರಿಗೆ ಒತ್ತಿದ್ರಿ?"

ಕಾಕಾ ಶಾಯಿ ಹಚ್ಚಿದ ಬೆರಳನ್ನು ತುಟಿಯ ಮೇಲಿಟ್ಟು ತಲೆಯಾಡಿಸಿದರು. "ಹೇಳಾಂಗಿಲ್ಲ. ಕಾಯ್ದೆ ಐತಿ."

"ನನ್ನ ಮುಂದೂ ಹೇಳಾಂಗಿಲ್ಲ?"

"ಯಾರ ಮುಂದೂ ಹೇಳಾಂಗಿಲ್ಲ."

ಹೀಗೆ ಹೇಳಿ ಮನೆಯ ಕಡೆಗೆ ನಡೆದೇಬಿಟ್ಟರು, ಎಡ-ಬಲ, ಎಡ-ಬಲ. ಕಾಕು ನನ್ನ ಕಡೆ ತಿರುಗಿ ಆ ಬರಿಯ ನಡುಬೆರಳನ್ನು ಎತ್ತಿ ತೋರಿಸಿದರು.

"ನೋಡ್ರಿ ಅಕ್ಕಾರ. ಸಾವಿರಾರು ಮೈಲು ದೂರ ಇದ್ದಾಗ ಇವರ ವೋಟು ಯಾರಿಗೆ ಬಿತ್ತು ಅಂತ ನನಗೊಬ್ಬಾಕಿಗೆ ಗೊತ್ತಿರತಿತ್ತು. ಇವತ್ತ ಬಾಜೂಕ ನಿಂತಾರ, ಗೊತ್ತ ಆಗವಲ್ದು!"

ಅಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ, "ರೀ, ನಿಂದರ್ರಿ, ಬರೇ ಪಕ್ಷ ಹೇಳ್ರಿ ಸಾಕು" ಎಂದು ಕೂಗುತ್ತ ಗಂಡನ ಬೆನ್ನು ಹತ್ತಿದರು.